ಲಾಳದ ದೊರೆಗೆ ಎಡೆ

ನಮ್ಮ ಮುತ್ತಾತ, ಅಂದರೆ ಅಮ್ಮನ ತಾಯಿಯ ತಂದೆ, ಸ್ಕಾಟ್ಲೆಂಡಿನವನು. ಈ ಸಂಗತಿಯನ್ನು ನಾನು ಸಿಂಗಪುರದ ರಾಫೆಲ್ಸ್ ಪ್ಲೇಸ್‌ನ ಆಫೀಸಿನಲ್ಲಿ ಕೊಚ್ಚಿಕೊಳ್ಳದ ದಿನವಿರಲಿಲ್ಲ. 'ಮೆಟಲರ್ಜಿ ಫೀಲ್ಡಿನಲ್ಲಿದ್ದರು' ಎನ್ನುತ್ತಿದ್ದೆ. ನಿಜ ಹೇಳಬೇಕೆಂದರೆ ಆತ ಬೆಂಗಳೂರು ದಂಡಿನಲ್ಲಿ ಬಿಳಿಯರ ಕುದುರೆಗಳಿಗೆ ಲಾಳ ಹೊಡೆಯುತ್ತಿದ್ದ. ಕಬ್ಬಿಣ ಕಾಯಿಸುತ್ತಿದ್ದನಲ್ಲ, ಅಷ್ಟರ ಮಟ್ಟಿಗೆ ಮೆಟಲರ್ಜಿಯೇ. ಚಿಕ್ಕವಳಿದ್ದಾಗ 'ಬೆಕ್ಕಿನ ಕಣ್ಣು' ಎಂದು ಆಡಿಕೊಂಡವರ ಜುಟ್ಟು ಹಿಡಿದು ಜಗಳಕ್ಕೆ ನಿಲ್ಲುತ್ತಿದ್ದವಳು, ಈಗ ಕನ್ನಡಕ ತೆಗೆದು ಅದೇ ಕಣ್ಣನ್ನು ಸಾಕ್ಷಿಯಾಗಿ ತೋರಿಸುತ್ತಿದ್ದೆ.

ಅಪ್ಪ ತೀರಿಕೊಂಡು ವರ್ಷದ ಕಾರ್ಯ ಮುಗಿದ ಮೇಲೆ ಅಮ್ಮ ಸೆಂಗ್‌ಕಾಂಗಿನ ನಮ್ಮ ಫ್ಲ್ಯಾಟಿಗೆ ಬಂದಳು. ಪಿತೃಪಕ್ಷ ಹತ್ತಿರವಾಗಿತ್ತು. ಒಂದು ಬೆಳಗ್ಗೆ ನಾನು ಎಂಆರ್‌ಟಿ ರೈಲು ಹಿಡಿಯಲು ಚಪ್ಪಲಿ ಮೆಟ್ಟುತ್ತಿದ್ದಾಗ ಹಿಂದಿನಿಂದ ಹೇಳಿದಳು.

"ಈ ಸಲ ಇಲ್ಲೇ ಎಡೆ ಇಡಾನ ಕಣೇ."

"ಅಪ್ಪಂಗೆ ಊರಲ್ಲಿ ಅಣ್ಣ ಇಡ್ತಾನಲ್ಲಮ್ಮ."

"ನಿಮ್ಮಪ್ಪಂಗಲ್ಲ. ಲಾಳದ ದೊರೆಗೆ."

ನಮ್ಮ ಕಡೆ ಪಕ್ಷದಲ್ಲಿ ಸತ್ತ ಹಿರಿಯರಿಗೆ ಅವರಿಗಿಷ್ಟವಾದ ಅಡುಗೆ, ಹೊಸ ಬಟ್ಟೆ ಎಲ್ಲ ಇಟ್ಟು, ಒಬ್ಬೊಬ್ಬರನ್ನೇ ಊಟಕ್ಕೆ ಕರೆಯುತ್ತಾರೆ. ಆಮೇಲೆ ಬಾಗಿಲು ಮುಂದಕ್ಕೆಳೆದು ಮನೆಯವರೆಲ್ಲ ಹೊರಗೆ ನಿಲ್ಲಬೇಕು, ಹಿರಿಯರು ನೆಮ್ಮದಿಯಾಗಿ ಉಣ್ಣಲೆಂದು. ಅಮ್ಮ ಬೆಳೆದ ಮನೆಯಲ್ಲಿ ಎಲ್ಲರಿಗೂ ಎಡೆ ಇತ್ತು, ಈ ಮುತ್ತಾತನೊಬ್ಬನಿಗೆ ಇರಲಿಲ್ಲ.

ಆತ ದಂಡಿಗೆ ಬಂದದ್ದು ಅಧಿಕಾರಿಯಾಗಿಯಲ್ಲ, ಸುತ್ತಿಗೆ ಹಿಡಿದು ದುಡಿಯಲು. ಲಾಯಕ್ಕೆ ಹಸಿಹುಲ್ಲು ಮಾರಲು ಬರುತ್ತಿದ್ದ ನಮ್ಮ ಮುತ್ತಜ್ಜಿಯನ್ನು ಕಂಡ, ಅವಳ ಜೊತೆ ಕೆರೆಯ ಪಕ್ಕ ಹೆಂಚಿನ ಮನೆ ಮಾಡಿದ. ಕುದುರೆಗಳ ಕಾಲ ಮುಗಿದು ಜೊತೆಯವರೆಲ್ಲ ಹಡಗು ಹತ್ತಿದರೂ ಈತ ಹತ್ತಲಿಲ್ಲ. ಮುತ್ತಜ್ಜಿಯ ಅಣ್ಣಂದಿರು ಇವರ ಮಗಳನ್ನು ತಮ್ಮ ಮನೆಗೆ ಸೊಸೆಯಾಗಿ ತಂದುಕೊಂಡರು, ಆದರೆ ಒಂದು ಕಟ್ಟಳೆ ಹಾಕಿದರು: ಹುಟ್ಟುವ ಮಕ್ಕಳು ಆ ಬಿಳಿಯನನ್ನು ತಾತ ಎನ್ನಕೂಡದು. ಹಾಗಾಗಿ ಮೊಮ್ಮಕ್ಕಳ ಬಾಯಲ್ಲೂ ಆತ ಲಾಳದ ದೊರೆಯೇ.

"ಒಂದ್ಸಲ ತಾತ ಅಂದ್ಬಿಟ್ಟಿದ್ದೆ ಕಣೇ, ಬಾವಿತಾವ," ಎಂದಳು ಅಮ್ಮ. "ದೊಡ್ಡಪ್ಪ ಕೆನ್ನೆಗೆ ಬಿಟ್ಟ. ಅವತ್ತು ಸಂಜೆ ದೊರೆ ನನ್ನ ತೊಡೆಮ್ಯಾಲೆ ಕೂರಿಸ್ಕೊಂಡು, ಹಂಗನ್ಬೇಡ ಅಂತ ಬಾಯ್ಮ್ಯಾಲೆ ಬೆರಳಿಟ್ಟ. ಆಮೇಲೆ ಅವನು ಸಾಯೋಗಂಟ ಅನ್ಲಿಲ್ಲ. ಇಲ್ಲಿ ಕೇಳೋರು ಯಾರವ್ರೆ? ಒಂದ್ಸಲ ಬಾಯ್ತುಂಬ ತಾತ ಅಂತ ಕರೀಬೇಕು."

ಎಂಬತ್ತರ ಹತ್ತಿರದ ಹೆಂಗಸು ಇಷ್ಟು ಕೇಳಿದ್ದಳು. ನಾನು ಏನು ಮಾಡಿದೆ? ಪ್ರಾಜೆಕ್ಟ್ ಮಾಡಿದೆ. ಗ್ಲಾಸ್ಗೋದಿಂದ ಬಂದಿದ್ದ ಸಹೋದ್ಯೋಗಿಯ ತಲೆ ತಿಂದೆ: ನಿಮ್ಮ ಕಡೆಯ ಹಿರಿಯರು ಏನು ತಿನ್ನುತ್ತಾರೆ, ಏನು ಉಡುತ್ತಾರೆ? ಆತ ಪಾಪ, "ನಮ್ಮಜ್ಜಿ ಓಟ್ಸ್ ಗಂಜಿಗೆ ಉಪ್ಪು ಹಾಕಿಕೊಳ್ಳುತ್ತಿದ್ದರು," ಎಂದ. ಸಾಕಿತ್ತು ನನಗೆ. ಓಟ್ಸ್ ಬಂತು, ಬೆಣ್ಣೆ ಬಿಸ್ಕತ್ತಿನ ಡಬ್ಬ ಬಂತು, ವಿಸ್ಕಿ ಬಂತು. ಎಡೆಗೆ ಹೊಸ ಬಟ್ಟೆ ಬೇಕಲ್ಲ, ಚೌಕುಳಿ ಚೌಕುಳಿಯ ಒಂದು ಉಣ್ಣೆ ಶಾಲು ಬಂತು. ಸಿಂಗಪುರದ ಸೆಕೆಯಲ್ಲಿ ಉಣ್ಣೆಯ ಶಾಲು! ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ.

ಅಮ್ಮ ಎಲ್ಲವನ್ನೂ ಒಂದೊಂದಾಗಿ ಎತ್ತಿ ನೋಡಿದಳು.

"ಇದ್ಯಾರಿಗೆ?"

"ನಿಮ್ಮ ತಾತಂಗಮ್ಮ. ಅವರ ದೇಶದ್ದು, ಅಥೆಂಟಿಕ್."

"ಅಯ್ಯೋ ನಿನ್ನ! ಅವನು ಉಡ್ತಿದ್ದಿದ್ದು ಲುಂಗಿ. ಎಣ್ಣೆ ಮುಟ್ತಿರ್ಲಿಲ್ಲ, ಮಜ್ಜಿಗೆ ಕುಡೀತಿದ್ದ. ಉಣ್ತಿದ್ದಿದ್ದು ಮುದ್ದೆ, ಹುರುಳಿಕಾಳಿನ ಬಸ್ಸಾರು. ಆದ್ರೆ ನುಂಗಕ್ಕೆ ಬರ್ತಿರ್ಲಿಲ್ಲ, ಮುದ್ದೇನ ಅಗೀತಿದ್ದ!"

ಮುದ್ದೆ ಅಗಿಯುವ ಮನುಷ್ಯನನ್ನು ನೆನೆದು ಅಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಬಾಯಿ ಅಂಟಿಕೊಂಡು ಮಾತಾಡಲಾಗದೆ ಆತ ಕೈಸನ್ನೆ ಮಾಡುತ್ತಿದ್ದದ್ದನ್ನು ಅಭಿನಯಿಸಿ ತೋರಿಸಿದಳು. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಇಷ್ಟು ವರ್ಷ ಊರಿಗೆಲ್ಲ ಮುತ್ತಾತನ ಕಥೆ ಹೇಳಿದವಳು, ಆತನನ್ನು ಕಂಡಿದ್ದ ಒಬ್ಬಳೇ ಒಬ್ಬಳನ್ನು ಒಂದು ಮಾತು ಕೇಳಿರಲಿಲ್ಲ. ಕಾಲೇಜಿಗೆ ಹೋಗುವ, ಇಲ್ಲಿನವರಂತೆ ಮಾತಿಗೆ 'ಲಾ' ಅಂಟಿಸುವ ನನ್ನ ಮಗಳು ಬಿಸ್ಕತ್ತಿನ ಡಬ್ಬ ಎತ್ತಿಕೊಂಡು, "ಮಮ್ಮಿ, ವೇಸ್ಟ್ ಮಾಡ್ಬೇಡ ಲಾ, ನಾನು ತಿಂತೀನಿ," ಎಂದು ರೂಮು ಸೇರಿದಳು.

ಅಮಾವಾಸ್ಯೆಯ ದಿನ ರಜೆ ಹಾಕಿದೆ. ಲಿಟ್ಲ್ ಇಂಡಿಯಾದಿಂದ ಬಾಳೆಲೆ, ಹುರುಳಿಕಾಳು, ಒಂದು ನೀಲಿ ಲುಂಗಿ ತಂದಿದ್ದೆ. ಅಮ್ಮ ಹಾಲ್‌ನಲ್ಲಿ ಕಳಶ ಇಟ್ಟಳು, ಎಡೆ ಬಡಿಸಿದಳು, ಸಾಂಬ್ರಾಣಿ ಹಾಕಿದಳು. ಕೈಮುಗಿದು ನಿಂತಳು. ಕರೆಯುವ ಹೊತ್ತು.

ಸ್ವರವೇ ಹೊರಡಲಿಲ್ಲ. ತುಟಿ ಅಲ್ಲಾಡಿತು. ಒಮ್ಮೆ ಬಾಗಿಲ ಕಡೆ ನೋಡಿದಳು, ಸತ್ತು ಎಷ್ಟೋ ಕಾಲವಾದ ದೊಡ್ಡಪ್ಪ ಅಲ್ಲಿ ನಿಂತಿದ್ದಾನೇನೋ ಎಂಬಂತೆ.

"ಜೋರಾಗಿ ಕರೆಯಮ್ಮ," ಎಂದೆ. ನನಗೆ ಸುಮ್ಮನಿರಲು ಬರುವುದಿಲ್ಲ.

"ದೊರೇ," ಎಂದಳು. "ದೊರೇ, ಬನ್ನಿ, ಊಟಕ್ಕೆ."

ಅಷ್ಟೇ. ಅಮ್ಮನ ಮುಖ ಬಾಡಿಹೋಯಿತು. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮೊದಲು ತಾನೇ ಹೊರಗೆ ನಡೆದಳು. ನಾನೂ ಮಗಳೂ ಹಿಂದೆ ಹೋಗಿ ಬಾಗಿಲು ಎಳೆದುಕೊಂಡೆವು. ಇನ್ನೊಮ್ಮೆ ಒಳಗೆ ಹೋಗಿ ಕರೆ ಎನ್ನೋಣವೆಂದರೆ, ಒಮ್ಮೆ ಬಾಗಿಲು ಹಾಕಿದ ಮೇಲೆ ಮಧ್ಯೆ ತೆಗೆಯುವಂತಿಲ್ಲ.

ಕಾರಿಡಾರಿನಲ್ಲಿ ಮೂವರೂ ಗೋಡೆಗೊರಗಿ ನಿಂತಿದ್ದಾಗ ಪಕ್ಕದ ಮನೆಯ ಚೀನೀ ಆಂಟಿ ತರಕಾರಿ ಚೀಲ ಹಿಡಿದು ಲಿಫ್ಟಿನಿಂದ ಬಂದರು. ಹೆಚ್ಚುಕಡಿಮೆ ಅಮ್ಮನ ವಯಸ್ಸಿನವರು. ನಮ್ಮ ಬಾಗಿಲು ತೋರಿಸಿ, ಯಾಕೆ ಎಲ್ಲ ಹೊರಗಿದ್ದೀರಿ, ಕೀ ಒಳಗೇ ಬಿಟ್ಟಿರಾ ಎಂದು ಇಂಗ್ಲಿಷಿನಲ್ಲಿ ಕೇಳಿದರು. ನನಗೆ ನಾಚಿಕೆ. ಜಿರಲೆ ಔಷಧಿ ಹೊಡೆಸಿದ್ದೇವೆ ಎಂದು ಬುರುಡೆ ಬಿಡಲು ಬಾಯಿ ತೆರೆದೆ.

ಅಮ್ಮನಿಗೆ ಇಂಗ್ಲಿಷ್ ಬಾರದು, ಆದರೆ ಆಂಟಿ ಏನು ಕೇಳಿದರೆಂದು ಗೊತ್ತಾಯಿತು. ನನಗಿಂತ ಮೊದಲೇ ಉತ್ತರ ಕೊಟ್ಟಳು.

"ಒಳಗೆ ನಮ್ ತಾತ ಉಣ್ತಾವ್ನೆ."

ಮಗಳು ಆಂಟಿಗೆ ಇಂಗ್ಲಿಷಿನಲ್ಲಿ ಹೇಳಿದಳು: ಅಜ್ಜಿಯ ತಾತ, ತೀರಿಹೋದವರು, ಇವತ್ತು ಅವರಿಗೆ ಊಟ.

ನಮ್ಮ ಪಕ್ಷದ ಹಾಗೆಯೇ ಚೀನೀ ಪಂಚಾಂಗದ ಏಳನೇ ತಿಂಗಳಲ್ಲಿ ಕಟ್ಟಡದ ಕೆಳಗೆ ತಮ್ಮ ಸತ್ತ ಹಿರಿಯರಿಗೆ ಕಾಗದದ ಹಣ ಸುಡುವ ಆಂಟಿ, ಚೀಲವನ್ನು ಸದ್ದಾಗದಂತೆ ಕೆಳಗಿಟ್ಟರು. ಸ್ವರ ತಗ್ಗಿಸಿ, "ಹಾಗಾದ್ರೆ ಅವಸರ ಮಾಡಬೇಡಿ ಲಾ, ನಿಧಾನವಾಗಿ ತಿನ್ನಲಿ," ಎಂದರು. ಆಮೇಲೆ ಅಮ್ಮನ ಬಾಯನ್ನೇ ನೋಡುತ್ತಾ, "ತಾ... ತಾ?" ಎಂದು ಕೇಳಿದರು.

"ಹೂಂ, ತಾತ," ಎಂದಳು ಅಮ್ಮ. ಆಮೇಲೆ ಉದ್ದದ ಕಾರಿಡಾರಿನ ಆ ತುದಿಗೂ ಕೇಳುವಷ್ಟು ಜೋರಾಗಿ ಇನ್ನೊಮ್ಮೆ ಹೇಳಿದಳು. "ನಮ್ ತಾತ!"