ಪ್ರಶ್ನೆ ಚಿಹ್ನೆ ಇಲ್ಲದ ನಕ್ಕಿ

ನಮ್ಮ ಕಡೆ ‘ನಕ್ಕಿ’ ಎಂಬ ಒಂದು ಮಾತಿದೆ, ಪಕ್ಕಾ ಎಂಬ ಅರ್ಥದ್ದು. ಗಡಿಯಾಚೆಯ ಮರಾಠಿಯಿಂದ ಬಂದು ಬೀದರಿನ ಬಾಯಲ್ಲಿ ಮನೆ ಮಾಡಿಕೊಂಡದ್ದು. ಮದುವೆ ಗೊತ್ತಾದರೂ ನಕ್ಕಿ, ಗಂಜಿನ ದವಸದ ಪೇಟೆಯಲ್ಲಿ ತೊಗರಿಯ ದರ ಕುದುರಿದರೂ ನಕ್ಕಿ. ಅದನ್ನೇ ದನಿ ಎತ್ತಿ ಕೇಳಿದರೆ ‘ಖರೇನಾ?’ ಎಂದಾಗುತ್ತದೆ. ಬಾಯಿಂದ ಹೇಳುವಾಗ ಈ ಫರಕು ಯಾರಿಗೂ ತಪ್ಪುವುದಿಲ್ಲ. ಮೊಬೈಲಿನಲ್ಲಿ ಬರೆಯುವಾಗ ಮಾತ್ರ ಕೊನೆಗೊಂದು ಪ್ರಶ್ನೆ ಚಿಹ್ನೆ ಹಾಕಬೇಕು. ನಾನು ಹಾಕಲಿಲ್ಲ. ಅಷ್ಟಕ್ಕೇ ಔರಾದಿನ ಒಂದು ಮನೆಯಲ್ಲಿ ಹೋಗಿ ಸಿಕ್ಕಿಬಿದ್ದೆ.

ನನಗೆ ಸ್ಪೀಕರ್ ಬೇಕಾಗಿದ್ದದ್ದು ನಮ್ಮ ಅಜ್ಜಿಯ ಸಲುವಾಗಿ. ಮನ್ನಳ್ಳಿಯ ಅಜ್ಜಿ ಹೋಗಿ ಬಹಳ ವರ್ಷವಾಯಿತು. ನಾನು ಮಾತು ಕಲಿತದ್ದೇ ಆಕೆಯ ಬೀಸುಕಲ್ಲಿನ ಪಕ್ಕ ಕೂತು. ಆಕೆ ಬೀಸುತ್ತ ಹಾಡಿದ್ದನ್ನು ನಮ್ಮ ಸೋದರಮಾವ ಒಮ್ಮೆ ಟೇಪಿನಲ್ಲಿ ಹಿಡಿದಿಟ್ಟಿದ್ದ; ಅದು ಹೇಗೋ ದಾಟಿಕೊಂಡು ಈಗ ನನ್ನ ಮೊಬೈಲಿಗೆ ಬಂದಿದೆ. ಅಜ್ಜಿಯದು ಎದೆಯ ತಳದಿಂದ ಏಳುವ ದಪ್ಪ ದನಿ. ಮೊಬೈಲಿನಲ್ಲಿ ಮಾತ್ರ ಆಕೆ ಸೊಳ್ಳೆ. ನಮ್ಮ ಮನೆ ಗಾಂಧಿ ಗಂಜಿನ ಹಿಂದೆ. ಲಾರಿಗಳ ಹಾರ್ನಿನ ನಡುವೆ ಆ ಸೊಳ್ಳೆಯೂ ಕೇಳುವುದಿಲ್ಲ. ಹಳೆಯ ಆಂಪ್ಲಿಫಾಯರ್ ಇತ್ತು, ಅದರ ಸ್ಪೀಕರುಗಳನ್ನು ಇಲಿಗಳು ತಿಂದು ಮುಗಿಸಿದ್ದವು. ಹಳೆಯದೇ ಆದರೂ ಒಂದು ಅಸಲಿ ಜೋಡಿ ಸಿಕ್ಕರೆ ಅಜ್ಜಿಯ ದನಿಯನ್ನು ಅದು ಇದ್ದ ಹಾಗೆಯೇ ಒಮ್ಮೆ ಕೇಳಬೇಕು ಎಂಬುದು ನನ್ನ ಆಸೆ. ಕೂಡಿಸಿಟ್ಟ ದುಡ್ಡಿನಲ್ಲಿ ಒಂದೇ ಸಲ ಕೊಳ್ಳಬಹುದಿತ್ತು. ತಪ್ಪಿದರೆ ಇನ್ನೊಂದು ಸಲ ಇಲ್ಲ.

ಹಳೆಯ ಸಾಮಾನು ಮಾರುವ ಆ್ಯಪಿನಲ್ಲಿ ಔರಾದಿನ ಒಂದು ಜೋಡಿ ಕಂಡಿತು. ಭಾಲ್ಕಿಯಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುವ ನನ್ನ ಮೈದುನನಿಗೆ ಫೋಟೋ ಕಳಿಸಿದೆ. ಅವನು ತಕ್ಷಣ ಫೋನ್ ಮಾಡಿದ.

“ವೈನಿ, ಎಲ್ಲಾ ಮುಂದಿನ ಫೋಟೋನೇ ಅದಾವ. ಬೆನ್ನು ತೋರಸಲಾರದ ಸ್ಪೀಕರ್ ನಂಬಬ್ಯಾಡ್ರಿ.”

“ಮತ್ತ ಹ್ಯಾಂಗ ನೋಡಬೇಕೋ?”

“ಮೊದಲ ಎತ್ರಿ. ಅಸಲಿ ಇದ್ರ ಕೈ ಜಗ್ತದ. ಹಿಂದಿನ ಸ್ಕ್ರೂ ತಲಿ ಸವದಿದ್ರ ಯಾರೋ ಬಿಚ್ಚ್ಯಾರ ಅಂತ ತಿಳೀರಿ. ಕಂಪನಿ ಹೆಸರು ಉಗುರಿಲೆ ಕೆರೀರಿ, ಎದ್ದು ಬಂತಂದ್ರ ನೀವೂ ಎದ್ದು ಬರ್ರಿ. ನಡುವಿನ ಕಪ್ಪು ಕಾಗದ ಹಗೂರಕ ಒತ್ರಿ, ಒಳಗ ಕರಕರ ಅಂತು, ಅದರ ಕಥಿ ಮುಗೀತು.”

“ಬದನಿಕಾಯಿ ಆರಿಸಿದಂಗ ಅನ್ನು.”

“ಬದನಿಕಾಯಿಗಿ ಹುಳ ಹತ್ತಿದ್ರ ತೂತರೆ ಕಾಣ್ತದ, ವೈನಿ!”

ನಾನೂ ಬರುತ್ತೇನೆ ಎಂದಿದ್ದ. ಆದರೆ ಅದೇ ದಿನ ಅವನಿಗೆ ಭಾಲ್ಕಿಯಲ್ಲಿ ಮದುವೆಯ ಮೈಕ್ ಹಚ್ಚುವುದಿತ್ತು. ಸರಿ, ಒಬ್ಬಳೇ ಹೊರಡುವ ಮೊದಲು ಮಾರುವವರನ್ನೇ ಒಂದು ಮಾತು ಕೇಳೋಣವೆಂದು ‘ಅಸಲಿ ನಕ್ಕಿ’ ಎಂದು ಬರೆದು ಕಳಿಸಿದೆ. ಅಸಲಿ ಹೌದು ತಾನೇ ಎಂದು ನನ್ನ ಪ್ರಶ್ನೆ. ‘ಶರಣು. ಊಟಕ್ಕ ಇಲ್ಲೇ ಬರ್ರಿ’ ಎಂದು ಉತ್ತರ ಬಂತು. ಎಂಥ ಒಳ್ಳೆಯ ಜನ ಎಂದುಕೊಂಡು ಬಸ್ಸು ಹತ್ತಿದೆ.

ಔರಾದಿನ ಮನೆಯ ಬಾಗಿಲಲ್ಲಿ ಹಣೆ ತುಂಬ ವಿಭೂತಿ ಹಚ್ಚಿದ ಹಿರಿಯರು, ಅವರ ಹಿಂದೆ ಅವರ ಹೆಂಡತಿ.

“ಬಂದಳು ನೋಡು, ನಕ್ಕಿ ಮಾಡಿದಾಕಿ!” ಎಂದು ಹಿರಿಯರು ಓಣಿಗೆಲ್ಲ ಕೇಳುವಂತೆ ಕೂಗಿದರು. “ಉದಗೀರದವರು ಮುಂಜಾನಿಂದ ಮೆಸೇಜ್ ಹಾಕ್ಲಿಕತ್ತಿದ್ರು. ಆಗಂಗಿಲ್ಲ, ಬೀದರ ಮಗಳು ನಕ್ಕಿ ಅಂದಾಳ, ಮಾತಂದ್ರ ಮಾತು ಅಂತ ಬರದು ಕಳಿಸ್ದೆ.”

ನನ್ನ ಕಾಲು ಹೊಸ್ತಿಲಲ್ಲೇ ನಿಂತಿತು. “ಇಲ್ರಿ ಕಾಕಾ, ನಾ ಕೇಳಿದ್ದು…”

“ಹಾಂ?” ಅವರು ಕಿವಿಯೊಳಗಿನ ಮಷೀನು ಮುಟ್ಟಿ ತೋರಿಸಿದರು. “ಇದು ಹೆಸರಿಗಷ್ಟೇ, ಮಗಳ. ಬಾಯಿ ನೋಡಿ ತಿಳ್ಕೋತೇನಿ. ಮೊದಲ ಊಟ ಮಾಡು, ಆಮ್ಯಾಲ ಮಾತು.”

ಬಿಸಿ ರೊಟ್ಟಿ, ಪುಂಡಿ ಪಲ್ಯ. ಒಂದೊಂದು ತುತ್ತು ಇಳಿದ ಹಾಗೆಲ್ಲ ಬೇಡವೆನ್ನುವ ದಾರಿ ಇಷ್ಟಿಷ್ಟೇ ಸಣ್ಣದಾಗುತ್ತಿತ್ತು. ಎದುರಿಗೆ ಮಣೆಯ ಮೇಲೆ ಆ ಎರಡು ಸ್ಪೀಕರುಗಳು. ತಲೆಯ ಮೇಲೆ ಒಂದೊಂದು ಹೂವು, ಬೆನ್ನು ಗೋಡೆಗೆ. ಕೈ ತೊಳೆದವಳೇ ಅವುಗಳ ಹತ್ತಿರ ಹೋಗಿ ಬಗ್ಗಬೇಕು, ಅಷ್ಟರಲ್ಲಿ ಕಾಕಾರ ಹೆಂಡತಿ, ಕಾಕು, ಮೊರ ಹಿಡಿದು ಬಂದರು.

“ಹೆಣ್ಮಗಳು ಮೊದಲ ಸಲ ಮನಿಗಿ ಬಂದೀದಿ. ಉಡಿ ಒಡ್ಡು.”

ಸೆರಗು ಒಡ್ಡಿದೆ. ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಬಟ್ಟೆ, ಎಲೆ ಅಡಿಕೆ, ಬಾಳೆಹಣ್ಣು. ಸೆರಗಿನ ಗಂಟನ್ನು ಅವರೇ ನನ್ನ ನಡುವಿಗೆ ಬಿಗಿದು, “ಹಾದ್ಯಾಗ ಬಿಚ್ಚಬ್ಯಾಡ. ನಿಮ್ಮ ಮನಿ ದೇವರ ಮುಂದ ಬಿಚ್ಚು” ಎಂದರು. ಆ ಮೇಲೆ ನಾನು ಬಗ್ಗುವುದೆಂತು? ಬಗ್ಗಿದರೆ ಕಾಯಿ ಹೊಟ್ಟೆಗೆ ಒತ್ತುತ್ತದೆ, ಅಕ್ಕಿ ಸೋರುತ್ತದೆ. ಅಕ್ಕಿ ಸೋರಬಾರದೆಂದು ಎರಡೂ ಕೈ ಉಡಿಯ ಕೆಳಗೆ. ಎತ್ತಿ ನೋಡುವ ಹಾಗಿಲ್ಲ, ಕೆರೆದು ನೋಡುವ ಹಾಗಿಲ್ಲ. ಮೈದುನನ ಪಾಠವೆಲ್ಲ ಆ ಗಂಟಿನೊಳಗೇ ಸೇರಿಹೋಯಿತು.

ಕಾಕಾ ಹಾಡು ಹಚ್ಚಿದರು. ಬಲಗಡೆಯದು ಹೇಗೋ ಹಾಡಿತು. ಎಡಗಡೆಯದು ಪ್ರತಿ ದಪ್ಪ ದನಿಗೂ ಹರಿದ ತಮಟೆಯಂತೆ ಬಡಬಡಿಸಿತು. ಅವರು ಹಾಡಿನ ಕಡೆಗಲ್ಲ, ನನ್ನ ಮುಖದ ಕಡೆಗೆ ನೋಡುತ್ತಿದ್ದರು.

“ಹ್ಯಾಂಗದ? ಗುಡುಗಿದಂಗ ಇಲ್ಲೇನು?”

ನಾನು ನಕ್ಕೆ. ಬೇರೆ ಏನು ಮಾಡಲಿ?

ಆಗ ಕಾಕು, ಗೋಡೆಯ ಕಡೆ ಮುಖ ಮಾಡಿ ಮೊರ ಒರೆಸುತ್ತ, ಸಾದಾ ದನಿಯಲ್ಲಿ ಅಂದರು: “ಎಡಗಡಿದು ಹರದದ, ಯವ್ವಾ.”

ನಾನು ಬೆಚ್ಚಿಬಿದ್ದೆ.

“ಹೆದರಬ್ಯಾಡ. ಅವರಿಗಿ ಕೇಳಂಗಿಲ್ಲ. ಬಾಯಿ ಮುಚ್ಕೊಂಡು ಮಾತಾಡು.”

ಒಂದು ಕೈ ಬಿಡಿಸಿಕೊಂಡು ಕರವಸ್ತ್ರ ಬಾಯಿಗೆ ಹಿಡಿದೆ, ಸೀನು ಬಂದವಳ ಹಾಗೆ.

“ಅಸಲಿನೂ ಅಲ್ಲ ಅವು,” ಎಂದರು ಕಾಕು. “ಇವರ ಅಣ್ಣ ಮುಂಬೈದಿಂದ ತಂದು ಕಂಪನಿದು ಅಂತ ಕೊಟ್ಟ. ತಿಂಗಳು ತುಂಬುದ್ರಾಗ ಹೆಸರು ಕಳಚಿ ಬಿತ್ತು. ನಾನೇ ಅಂಟು ಹಚ್ಚಿ ಹಚ್ಚಿ ಇಟ್ಟೇನಿ.”

“ಅವರಿಗಿ ಹೇಳ್ಲಿಲ್ಲೇನ್ರಿ, ಕಾಕು?”

“ಏನಂತ ಹೇಳ್ಲಿ? ಅಣ್ಣ ಹೋಗಿಬಿಟ್ಟ. ಅಂವ ಕೊಟ್ಟ ವಸ್ತು ಅಂತ ಮನ್ಯಾಗ ಇರೋದು ಇದೊಂದೇ. ಈಗ ಕಿವಿ ಹೋದವು, ಕೇಳವರ ಮನಿಗಿ ಹೋಗ್ಲಿ ಅಂತ ಕೊಡ್ಲಿಕತ್ತಾರ. ನಿನ್ನ ರೊಕ್ಕ ಹಾಳಾಗಬಾರ್ದು ಅಂತ ನಿನಗ ಹೇಳ್ದೆ. ಬ್ಯಾಡಾದ್ರ ಬಿಡು. ಖೊಟ್ಟಿ ಮಾಲು ಅಂತ ಮಾತ್ರ ಅವರ ಮುಂದ ಅನಬ್ಯಾಡ.”

“ಬಿಡು ಅಂತೀರಿ. ಉಡಿ ತುಂಬಿದ ಮ್ಯಾಲ ಹ್ಯಾಂಗ ಬಿಡ್ಲಿ?”

ಕಾಕು ಮೊರ ಕೆಳಗಿಟ್ಟು ಸ್ವಲ್ಪ ನಕ್ಕರು. “ಅದೂ ಖರೇನೇ. ಅದು ನನಗ ಹೊಳೀಲೇ ಇಲ್ಲ.”

ಕಾಕಾ ಇಬ್ಬರನ್ನೂ ನೋಡಿದರು. “ಏನಂತಾಳ?”

“ಬಿಸಿಲು ಭಾಳ ಅದ ಅಂತಾಳ್ರಿ!” ಎಂದು ಕಾಕು ಅವರ ಕಡೆ ತಿರುಗಿ ಬಾಯಿ ಅಗಲಿಸಿ ಹೇಳಿದರು.

ನೆಪ ಹುಡುಕಿದೆ. ಮನೆಯವರನ್ನು ಕೇಳಿ ಹೇಳುತ್ತೇನೆ ಅನ್ನಲೇ? ಕೇಳದೆ ನಕ್ಕಿ ಹೇಗೆ ಅಂದೆ ಎನ್ನುತ್ತಾರೆ. ಜಾಗ ಸಾಲದು ಅನ್ನಲೇ? ಉದಗೀರದವರಿಗೆ ಆಗಲೇ ಇಲ್ಲವೆಂದು ಬರೆದುಬಿಟ್ಟಿದ್ದಾರೆ. ಯೋಚನೆಯಲ್ಲಿ ಉಡಿ ಜಾರಿತು. ಕಾಯಿ ಹಿಡಿಯಲು ಕೈ ಕೆಳಗೆ ಬಂತು. ಬಾಯಿ ಬಯಲಾದದ್ದು ನೆನಪಾಗಲಿಲ್ಲ. “ನಕಲಿ ಹೊತ್ಕೊಂಡು ಹೋದ್ರ ನಮ್ಮ ಮನ್ಯಾಗ ಏನಂತಾರ್ರಿ, ಕಾಕು?” ಅಂದುಬಿಟ್ಟೆ.

ಕಾಕಾ ನನ್ನ ತುಟಿಯನ್ನೇ ನೋಡುತ್ತಿದ್ದರು.

“ನಕ್ಕಿ!” ಎಂದು ಕಾಕಾ ಚಪ್ಪಾಳೆ ತಟ್ಟಿದರು. “ಮತ್ತೊಮ್ಮೆ ಅಂದಾಳ ನೋಡು! ಹಗ್ಗ ತಾ, ಕಟ್ಟಿಕೊಡ್ತೇನಿ.”

ತುಟಿಯ ಮೇಲೆ ‘ನಕಲಿ’ಗೂ ‘ನಕ್ಕಿ’ಗೂ ಏನು ವ್ಯತ್ಯಾಸ? ತಿದ್ದಬೇಕೆಂದರೆ ಅನ್ನಬಾರದ ಆ ಮಾತನ್ನೇ ಬಿಡಿಸಿ ಹೇಳಬೇಕು. ಕಾಕು ನನ್ನನ್ನು ನೋಡಿದರು, ಒತ್ತಾಯವಿಲ್ಲದೆ, ಸುಮ್ಮನೆ.

“ಹೌದ್ರಿ ಕಾಕಾ, ನಕ್ಕಿ,” ಎಂದೆ.

ಬಸ್ಸಿನಲ್ಲಿ ಒಂದು ಸ್ಪೀಕರ್ ಡಬ್ಬಿ ಕಾಲ ಬಳಿ, ಒಂದು ತೊಡೆಯ ಮೇಲೆ, ನಡುವೆ ಕಾಯಿ. “ತವರಿಂದ ಹೊಂಟೀರೇನ್ರಿ ಅಕ್ಕೋರೆ? ಭಾರಿ ಉಡಿ ತುಂಬ್ಯಾರ!” ಎಂದ ಕಂಡಕ್ಟರ್.

ಮರುದಿನ ಮೈದುನ ಭಾಲ್ಕಿಯಿಂದ ಬಂದು ಡಬ್ಬಿ ತಿರುಗಿಸಿದ. ಕಂಪನಿಯ ಹೆಸರು ಅವನ ಉಗುರಿಗೆ ಅಂಟಿಕೊಂಡೇ ಬಂತು. “ವೈನಿ, ಇವು ನಕಲಿಯೊಳಗೂ ನಕಲಿ.” ಬಲಗಡೆಯದೊಂದನ್ನೇ ಹಚ್ಚಿ ಅಜ್ಜಿಯನ್ನು ಕೇಳಿದೆವು. ಸೊಳ್ಳೆಯಲ್ಲ, ಆದರೆ ನಮ್ಮ ಅಜ್ಜಿಯೂ ಅಲ್ಲ; ಮೂಗು ಕಟ್ಟಿದ ಅಜ್ಜಿ. ಎಡಗಡೆಯದನ್ನೂ ಸೇರಿಸಿದರೆ ಬೀಸುಕಲ್ಲಿಗೆ ಹರಳು ಸಿಕ್ಕ ಸದ್ದು. ಮಾರಿಬಿಡ್ರಿ ಎಂದ ಅವನು. ಎಲ್ಲಿ ಮಾರಲಿ? ಅಸಲಿ ಎಂದು ಬರೆಯಲಾರೆ. ನಕಲಿ ಎಂದು ಬರೆದರೆ ಅದೇ ಆ್ಯಪಿನಲ್ಲಿ ದಿನವೂ ಕಣ್ಣಾಡಿಸುವ ಕಾಕಾ ಮೊದಲು ನೋಡುತ್ತಾರೆ. ಹೆಸರಿಗೆ ಮತ್ತೆ ಅಂಟು ಹಚ್ಚಿ ಎರಡನ್ನೂ ಕಪಾಟಿನ ಮೇಲಿಟ್ಟಿದ್ದೇನೆ.

ಮೊನ್ನೆ ಕಾಕಾ ಮೆಸೇಜ್ ಹಾಕಿದ್ದರು: ‘ಹ್ಯಾಂಗ ಹಾಡ್ಲಿಕತ್ತಾವ, ಮಗಳ?’

ಬಹಳ ಹೊತ್ತು ಕೂತು ಸುಳ್ಳಲ್ಲದ ಒಂದು ಮಾತು ಹುಡುಕಿದೆ. ‘ನಮ್ಮ ಅಜ್ಜಿ ಹಾಡ್ಲಿಕತ್ತಾಳ್ರಿ ಕಾಕಾ’ ಎಂದು ಬರೆದೆ.

ಉತ್ತರ ಕೂಡಲೇ ಬಂತು. ‘ಶರಣು. ಅಣ್ಣ ಕೊಟ್ಟಿದ್ದು ಇನ್ನೊಂದು ಜೋಡಿ ಅಟ್ಟದ ಮ್ಯಾಲ ಸಿಕ್ಕದ. ಬ್ಯಾರೆಯವರಿಗಿ ಹೇಳಿಲ್ಲ. ನಕ್ಕಿ?’

ಅವರು ಪ್ರಶ್ನೆ ಚಿಹ್ನೆ ಹಾಕಿದ್ದರು. ನಾನಿನ್ನೂ ಉತ್ತರ ಬರೆದಿಲ್ಲ.