ಚೆನ್ನಪ್ಪಣ್ಣನ ಅಭಿಪ್ರಾಯ

ಊರಿನ ಕೆಲಸಗಳ ಬಗ್ಗೆ ಜನರ ಅಭಿಪ್ರಾಯ ಕೇಳುವ ಆ್ಯಪ್ ಮೊಬೈಲಿಗೆ ಬಂದಂದಿನಿಂದ ಚೆನ್ನಪ್ಪಣ್ಣನಿಗೆ ಪುರುಸೊತ್ತಿಲ್ಲ. ನಲವತ್ತು ವರ್ಷ ಬೋಟಿನಲ್ಲಿ ದುಡಿದು, ದಡ ಕಾಣದ ಕಡಲಿನಲ್ಲೂ ದಿಕ್ಕು ತಪ್ಪದವರು ಆ್ಯಪಿನ ನಕ್ಷೆಯಲ್ಲಿ ತಮ್ಮ ಮನೆಯನ್ನೇ ಹುಡುಕಲಾರರು. ಮೊಬೈಲನ್ನು ತಿರುಗಿಸುತ್ತಾರೆ, ಆಗದಿದ್ದರೆ ಕುರ್ಚಿ ಸಮೇತ ತಾವೇ ತಿರುಗುತ್ತಾರೆ. ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಬಂದರೆ ಸೊಸೆ ವಿಜೇತಾಳನ್ನು ಕರೆದು, “ಇದು ಆಯ್ತು ಅಂತಲಾ, ಆಗುದಿಲ್ಲ ಅಂತಲಾ?” ಎಂದು ಕೇಳುತ್ತಾರೆ. ಅವಳಿಗೂ ಗೊತ್ತಿಲ್ಲ. ಆದರೂ ಚರಂಡಿ, ಬೀದಿದೀಪ ಯಾವುದನ್ನೂ ಬಿಡುವವರಲ್ಲ. ತಾವು ಕಾಲಿಡದ ಪಾರ್ಕಿನ ಬೇಲಿಗೂ ಹಸಿರು ಬಣ್ಣವೇ ಆಗಬೇಕೆಂದು ಹಟ. ಮೊನ್ನೆ ಬಂದ ಪ್ರಶ್ನೆ ಮಾತ್ರ ಅವರನ್ನು ಕಟ್ಟಿಹಾಕಿತು: ‘ಪಂಪ್‌ವೆಲ್‌ ವೃತ್ತದಲ್ಲಿ ನಿಮ್ಮ ಮನೆಯವರು ಬಸ್ಸಿಗೆ ಎಲ್ಲಿ ಕಾಯುತ್ತಾರೆ? ನೆರಳು ಎಲ್ಲಿ ಬೇಕು?’ ಹೆಂಡತಿ ಲಕ್ಷ್ಮೀ ಮೀನಿನ ಬುಟ್ಟಿ ಹಿಡಿದು ಮೂವತ್ತು ವರ್ಷದಿಂದ ದಿನಾ ಅಲ್ಲಿ ಬಸ್ಸು ಕಾಯುವವರು. ಎಲ್ಲಿ ಎಂದು ಚೆನ್ನಪ್ಪಣ್ಣನಿಗೆ ಗೊತ್ತಿರಲಿಲ್ಲ. ಅಡುಗೆಮನೆಯ ಬಾಗಿಲಿಗೆ ಹೋಗಿ, “ನೀನು ನಿಲ್ಲುದು ಎಲ್ಲಿ ಮಾರಾಯ್ತಿ?” ಎಂದರು. ಲಕ್ಷ್ಮೀ ಕೈ ಒರೆಸಿಕೊಂಡು ಅವರ ಮುಖ ನೋಡಿದರು. “ಇದು ಕೇಳುದು ಯಾರು? ಮೊಬೈಲಾ, ನೀವಾ?” ಚೆನ್ನಪ್ಪಣ್ಣ ಮೊಬೈಲನ್ನು ಕಿಸೆಗೆ ಹಾಕಿ, “ನಾನೇ” ಎಂದರು.