ಬೆಳ್ಳಗಾಗದ ಸುಣ್ಣದ ತಿಳಿ

ಪ್ರೌಢಶಾಲೆಯ ಗೇಟಿನ ಎದುರು ಅಂಗಡಿ ಇಟ್ಟವನಿಗೆ ಮಳೆಗಾಲ, ಚಳಿಗಾಲ ಎಂಬುವು ಇಲ್ಲ. ದಾಖಲಾತಿಯ ಕಾಲ, ಕಿರುಪರೀಕ್ಷೆಯ ಕಾಲ, ಪ್ರಾಕ್ಟಿಕಲ್ ಕಾಲ, ದೊಡ್ಡ ಪರೀಕ್ಷೆಯ ಕಾಲ, ಇಷ್ಟೇ. ಗ್ರಾಫ್ ಹಾಳೆ, ಲಿಟ್ಮಸ್ ಕಾಗದ, ಗಾಜಿನ ಪ್ರನಾಳ, ಪ್ರನಾಳ ಒಡೆದವರಿಗೆ ಇನ್ನೊಂದು ಪ್ರನಾಳ, ಇವನ್ನು ಮಾರಿಯೇ ನಾನು ಬದುಕಿದ್ದು. ವಿಜ್ಞಾನ ನನಗೆ ಗೊತ್ತಿಲ್ಲ. ಅದು ಯಾವ ತಿಂಗಳಲ್ಲಿ ಖರ್ಚಾಗುತ್ತದೆ ಎಂಬುದು ಮಾತ್ರ ಚೆನ್ನಾಗಿ ಗೊತ್ತು.

ನನ್ನ ಗಿರಾಕಿಗಳಲ್ಲಿ ಅತ್ಯಂತ ಲುಕ್ಸಾನಿನ ಗಿರಾಕಿಯೆಂದರೆ ವಿಜ್ಞಾನದ ಮೇಷ್ಟ್ರು. ಒಂದು ಪ್ರನಾಳ ಬೇಕೆಂದು ಬಂದವರು ಇಡೀ ಪೆಟ್ಟಿಗೆ ಬಿಚ್ಚಿಸಿ, ಒಂದೊಂದನ್ನೂ ಬೆಳಕಿಗೆ ಹಿಡಿದು, ಗುಳ್ಳೆ ಇದ್ದುದನ್ನೆಲ್ಲ ಪಕ್ಕಕ್ಕಿಟ್ಟು, ಕೊನೆಗೆ ನನ್ನ ಮುಖದಲ್ಲೂ ಗುಳ್ಳೆ ಹುಡುಕುವವರಂತೆ ನೋಡುತ್ತಿದ್ದರು. ಮಕ್ಕಳು ಅವರಿಗೆ 'ಕಂಡದ್ದು ಮೇಷ್ಟ್ರು' ಎಂದು ಹೆಸರಿಟ್ಟಿದ್ದರು. ಲ್ಯಾಬಿನಲ್ಲಿ ಅವರದ್ದು ಒಂದೇ ಮಂತ್ರ: ಕಂಡದ್ದು ಬರೀರಿ, ಪುಸ್ತಕದಲ್ಲಿರೋದು ಪುಸ್ತಕದಲ್ಲೇ ಇರುತ್ತೆ, ಎಲ್ಲೂ ಓಡಿಹೋಗಲ್ಲ. ಕಾಯಿಸಿದ ಪುಡಿ ಹಳದಿಯಾಗಬೇಕಾದಲ್ಲಿ ಕಂದಾದರೆ ಕಂದು ಎಂದೇ ಬರೆಯಬೇಕು. ಪುಸ್ತಕ ನೋಡಿ ಹಳದಿ ಎಂದವರ ಪುಟಕ್ಕೆ ಉದ್ದಾನುದ್ದ ಅಡ್ಡಗೆರೆ. ಇದರಿಂದ ಶಾಲೆಯ ಅಂಕ ಕುಸಿಯುತ್ತದೆಂದು ಮುಖ್ಯೋಪಾಧ್ಯಾಯರು ಗೊಣಗುತ್ತಿದ್ದರು. ಕಂಡದ್ದು ಕಂಡ ಹಾಗೆ ಹೇಳಿದರೆ ಕೆಂಡದಂಥ ಕೋಪ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಮನೆಯಲ್ಲೂ ಅದೇ ರಾಗ. ಅವರ ಹೆಂಡತಿ ನನ್ನ ಅಂಗಡಿಗೆ ಬಂದಾಗ ದೂರುತ್ತಿದ್ದರು: ಅಡುಗೆಗೆ ಉಪ್ಪು ಸರಿಯಾಗಿದೆಯಾ ಎಂದು ಕೇಳಿದರೆ ಈ ಮನುಷ್ಯ ಹೌದು ಅನ್ನುವುದಿಲ್ಲ, ಇಲ್ಲ ಅನ್ನುವುದಿಲ್ಲ, ನನ್ನ ನಾಲಿಗೆಗೆ ಸ್ವಲ್ಪ ಕಡಿಮೆ ಅನ್ನಿಸಿತು, ನಿನ್ನ ನಾಲಿಗೆಯನ್ನೂ ಕೇಳು ಅನ್ನುತ್ತಾರೆ.

ಅವರಿಗೆ ಮಕ್ಕಳಿರಲಿಲ್ಲ. ಮೇಷ್ಟ್ರ ಅಕ್ಕನ ಮಗಳು ಅವರ ಮನೆಯಲ್ಲೇ ಇದ್ದು ಓದುತ್ತಿದ್ದಳು. ಎಲ್ಲದರೊಳಗೂ ಇಣುಕಿ ನೋಡುವ ಹುಡುಗಿ; ನನ್ನ ಗಲ್ಲಾಪೆಟ್ಟಿಗೆಯನ್ನೂ ಬಿಟ್ಟವಳಲ್ಲ. ಹಾಗಾಗಿ ಅವಳಿಗೆ 'ಇಣುಕಿ' ಎಂದು ಹೆಸರಿಟ್ಟವನು ನಾನೇ. ಮನೆಯಲ್ಲಿ ಮಾವ, ಶಾಲೆಯಲ್ಲಿ ಸಾರ್ ಎಂದು ಕರೆಯಬೇಕೆಂಬ ಕಟ್ಟಪ್ಪಣೆ ಅವಳಿಗಿತ್ತು. ಗೇಟಿನ ಒಳಗೆ ಒಂದು ಕಾಲು, ಹೊರಗೆ ಒಂದು ಕಾಲು ಇಟ್ಟು ನಿಂತು, "ಈಗ ಏನಂತ ಕರೀಲಿ?" ಎಂದು ಅವರನ್ನು ಕಾಡುತ್ತಿದ್ದಳು. ಮಾವನ ಮಂತ್ರವನ್ನು ಆ ಶಾಲೆಯಲ್ಲಿ ನಿಜವಾಗಿ ನಂಬಿದವಳು ಅವಳೊಬ್ಬಳೇ. ಮುಂದೆ ವಿಜ್ಞಾನ ವಿಭಾಗಕ್ಕೇ ಸೇರಬೇಕು, ದೊಡ್ಡ ಲ್ಯಾಬಿನಲ್ಲಿ ಕೆಲಸ ಮಾಡಬೇಕು ಎಂಬುದು ಅವಳ ಆಸೆ. ಮೇಷ್ಟ್ರು ಬಾಯಿಬಿಟ್ಟು ಹೇಳದಿದ್ದರೂ ಅವರಿಗೂ ಅದೇ ಆಸೆ. ಆದರೆ ಅಲ್ಲಿ ಸೀಟು ಸಿಗುವುದು ಹತ್ತನೆಯ ತರಗತಿಯ ವಿಜ್ಞಾನದ ಅಂಕದ ಮೇಲೆ, ಮತ್ತು ಅದರಲ್ಲಿ ಪ್ರಾಕ್ಟಿಕಲ್ ಅಂಕವೂ ಸೇರುತ್ತದೆ.

ಪ್ರಾಕ್ಟಿಕಲ್ ಪರೀಕ್ಷೆಗೆ ಬೇರೆ ಶಾಲೆಯಿಂದ ಪರೀಕ್ಷಕರು ಬರುತ್ತಾರೆ. ಅಂಕ ಹಾಕುವವರು ಅವರು. ಶಾಲೆಯ ಮೇಷ್ಟ್ರ ಕೆಲಸ ಬಾಟಲಿ ಜೋಡಿಸುವುದು, ಕೊನೆಗೆ ಸಹಿ ಹಾಕುವುದು. ಪರೀಕ್ಷಕರ ಕೈಯಲ್ಲಿ ಮಾದರಿ ಉತ್ತರದ ಹಾಳೆ ಇರುತ್ತದೆ. ಮಕ್ಕಳು ಬರೆದದ್ದು ಅದಕ್ಕೆ ಹೊಂದಿದರೆ ಅಂಕ, ಇಲ್ಲದಿದ್ದರೆ ಸೊನ್ನೆ. ಪ್ರನಾಳದೊಳಗೆ ಏನಾಯಿತೆಂದು ಪರೀಕ್ಷಕರು ಬಗ್ಗಿ ನೋಡುವ ಪದ್ಧತಿಯಿಲ್ಲ. ಇದು ಎಲ್ಲ ಮಕ್ಕಳಿಗೂ ಗೊತ್ತು.

ಆ ವರ್ಷ ಬಂದದ್ದು ಸುಲಭದ ಪ್ರಯೋಗ. ಕೊಟ್ಟ ಪುಡಿಗೆ ಆಮ್ಲ ಹಾಕಿದರೆ ಗುಳ್ಳೆ ಏಳುತ್ತದೆ. ಆ ಗಾಳಿಯನ್ನು ಸುಣ್ಣದ ತಿಳಿನೀರಿಗೆ ಬಿಟ್ಟರೆ ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಆದರೆ ಈ ತಿಳಿನೀರು ಬಲು ಸೂಕ್ಷ್ಮ. ಗಾಳಿಗೆ ಬಾಯಿ ತೆರೆದಿಟ್ಟರೆ ಮೇಲೆ ಕೆನೆ ಕಟ್ಟಿ, ಒಳಗಿನ ಸತ್ವವೆಲ್ಲ ಹೋಗಿಬಿಡುತ್ತದೆ. ಅದಕ್ಕೇ ಮೇಷ್ಟ್ರು ಪರೀಕ್ಷೆಯ ದಿನ ಬೆಳಗ್ಗೆಯೇ ಹೊಸದಾಗಿ ಸೋಸುತ್ತಿದ್ದರು. ಆ ದಿನ ಪರೀಕ್ಷಕರು ಹೊತ್ತಿಗೆ ಮೊದಲೇ ಬಂದುಬಿಟ್ಟರು. ಕುರ್ಚಿ ಎಲ್ಲಿ, ಫ್ಯಾನ್ ಯಾಕೆ ತಿರುಗುವುದಿಲ್ಲ, ಕಾಫಿ ಯಾರು ತರುತ್ತಾರೆ ಎಂಬ ಗಡಿಬಿಡಿಯಲ್ಲಿ ಮೇಷ್ಟ್ರು ಹಿಂದಿನ ವಾರದ ಬಾಟಲಿಯನ್ನೇ ತೆಗೆದರು. ಅದರ ಬಿರಡೆ ಎಂದೋ ಕಳೆದುಹೋಗಿತ್ತು, ಹತ್ತಿ ತುರುಕಿದ್ದರು. ಮೇಲೆ ತೆಳ್ಳಗೆ ಕೆನೆ ಕಟ್ಟಿತ್ತು. ಕಾಗದದ ಚೂರಿನಿಂದ ಕೆನೆ ತೆಗೆದು ಮೇಜಿನ ಮೇಲಿಟ್ಟರು.

ಮಕ್ಕಳು ಪ್ರಯೋಗ ಮಾಡಿದರು. ಯಾರ ನೀರೂ ಬೆಳ್ಳಗಾಗಲಿಲ್ಲ. ಹಾಲಿನಂತೆ ಬೆಳ್ಳಗಾಯಿತು ಎಂದು ಎಲ್ಲರೂ ಬರೆದರು. ಇಣುಕಿ ಮಾತ್ರ ಎರಡೆರಡು ಸಲ ಮಾಡಿ ನೋಡಿ, ತಿಳಿನೀರು ತಿಳಿಯಾಗಿಯೇ ಉಳಿಯಿತು, ಗಾಳಿ ಯಾವುದೆಂದು ಹೇಳಲಾರೆ ಎಂದು ಬರೆದಳು.

ಮುಂದಿನದ್ದನ್ನು ಮೇಷ್ಟ್ರೇ ನನಗೆ ಹೇಳಿದ್ದು, ಬಹಳ ವರ್ಷಗಳ ಮೇಲೆ. ಪರೀಕ್ಷಕರು ಅವಳ ಹಾಳೆ ನೋಡಿ ನಕ್ಕರಂತೆ. "ಏನಮ್ಮಾ, ಊರಿಗೆಲ್ಲ ಹಾಲು, ನಿನಗೊಬ್ಬಳಿಗೆ ನೀರಾ?" ಎಂದು ಕೇಳಿದರಂತೆ. ಅವಳು ತಿರುಗಿ ಮಾವನ ಮುಖ ನೋಡಿದಳಂತೆ. ನೀರು ಹಳೆಯದು ಎಂಬ ಒಂದು ಮಾತು ಸಾಕಿತ್ತು. ಆದರೆ ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎಂದು ನಾಳೆ ಊರು ಆಡಿಕೊಂಡರೆ? ಮನೆಯ ಹುಡುಗಿಗೆ ಅಂಕ ಕೊಡಿಸಿದ ಎಂದರೆ? ಪರೀಕ್ಷಕರು ಇವರ ಕಡೆ ನೋಡಿದಾಗ ಮೇಷ್ಟ್ರ ಬಾಯಿಂದ ಬಂದದ್ದು ಇಷ್ಟು:

"ಮಾದರಿ ಉತ್ತರದಲ್ಲಿ ಏನಿದೆಯೋ ಹಾಗೇ ಹಾಕಿ ಸಾರ್."

ಸಹಿಯನ್ನೂ ಹಾಕಿದರು. ಬೆಣ್ಣೆ ಯಾರ ಕಣ್ಣಿಗೂ ಬೀಳದ ಹಾಗೆ ನೋಡಿಕೊಂಡರು ನಿಜ. ಸುಣ್ಣ ಮಾತ್ರ ಮನೆಯ ಹುಡುಗಿಯ ಕಣ್ಣಿಗೇ ಬಿತ್ತು.

ವಿಜ್ಞಾನದ ಸೀಟು ಅವಳಿಗೆ ಸ್ವಲ್ಪದರಲ್ಲೇ ತಪ್ಪಿತು. ವಾಣಿಜ್ಯಕ್ಕೆ ಸೇರಿದಳು. ವ್ಯಾಪಾರದವರಾದ ನಮ್ಮ ಕಡೆಗೆ ಒಂದು ತಲೆ ಹೆಚ್ಚಾಯಿತಲ್ಲ ಎಂದು ನಾನು ಖುಷಿಪಡಬೇಕಿತ್ತು, ಆಗಲಿಲ್ಲ. ಆಮೇಲೆ ಅವಳು ಏನನ್ನೂ ಇಣುಕಿ ನೋಡಿದ್ದು ನಾನು ಕಾಣೆ. ಗೇಟಿನ ಆಚೆಗೂ ಈಚೆಗೂ ಅವರನ್ನು ಕರೆಯುವುದನ್ನೇ ಕಡಿಮೆ ಮಾಡಿದಳು. ಸ್ವಲ್ಪ ದಿನಕ್ಕೆ ತಾಯಿಯ ಮನೆಗೆ ಹೋದಳು.

ಓದು ಮುಗಿಸಿ ಹಿಂತಿರುಗಿದವಳು ನನ್ನ ಅಂಗಡಿಯ ಮೇಲಿನ ಕೋಣೆಯನ್ನೇ ಬಾಡಿಗೆಗೆ ಹಿಡಿದು ಟ್ಯೂಷನ್ ಶುರುಮಾಡಿದಳು. ಅದೂ ವಿಜ್ಞಾನದ್ದು, ಹತ್ತನೆಯ ತರಗತಿಗೆ. ಹಳೆಯ ಮಾದರಿ ಉತ್ತರಗಳನ್ನೆಲ್ಲ ಜಾಲಾಡಿ, ಯಾವ ಪದಕ್ಕೆ ಅಂಕ, ಯಾವ ಪದಕ್ಕಿಲ್ಲ ಎಂದು ಅಕ್ಕಿಯಿಂದ ಕಲ್ಲು ಆರಿಸಿದ ಹಾಗೆ ಆರಿಸಿಟ್ಟಿದ್ದಳು. ಕೋಣೆಯಲ್ಲಿ ಒಂದೇ ಒಂದು ಪ್ರನಾಳವಿಲ್ಲ. ಅವಳ ಬಳಿ ಓದುವ ಮಕ್ಕಳಿಗೆ ಪ್ರಾಕ್ಟಿಕಲ್‌ನಲ್ಲಿ ಒಂದಂಕವೂ ಹೋಗುವುದಿಲ್ಲ. ಅವಳ ಟಿಪ್ಪಣಿಯನ್ನು ಅಚ್ಚು ಹಾಕಿಸಿ ಮಾರುವವನು ನಾನು. ಗಾಜಿನ ವ್ಯಾಪಾರ ಬಿದ್ದುಹೋದರೂ ಕಾಗದ ನನ್ನನ್ನು ಎತ್ತಿ ಹಿಡಿದಿದೆ.

ಅಷ್ಟರಲ್ಲಿ ಮೇಷ್ಟ್ರು ನಿವೃತ್ತರಾಗಿದ್ದರು. ಸಂಜೆ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತಿರುತ್ತಿದ್ದರು. ಮೇಲಿನಿಂದ ಮಕ್ಕಳ ರಾಗ ಕೇಳುತ್ತಿತ್ತು: ಸುಣ್ಣದ ತಿಳಿನೀರು ಹಾಲಿನಂತೆ ಬೆಳ್ಳಗಾಗುತ್ತದೆ, ಬೆಳ್ಳಗಾಗುತ್ತದೆ. ಅದನ್ನು ಕೇಳುತ್ತ ಒಂದು ದಿನ ಆ ಹಳೆಯ ಕಥೆಯನ್ನೆಲ್ಲ ನನ್ನ ಮುಂದೆ ಹೊರಹಾಕಿದರು. ಅವಳಿಗೆ ಇದನ್ನು ಹೇಳಿದ್ದೀರಾ ಎಂದು ಕೇಳಿದೆ. ಇಲ್ಲ ಎಂದು ತಲೆಯಾಡಿಸಿದರು. ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ಊರಿಗೇ ಹೇಳುವವರು ಮನೆಯವಳಿಗೆ ಹೇಳೋಕೆ ಏನು ಕಷ್ಟ ಎಂದು ಕೆಣಕಿದೆ.

ವಾರದ ಮೇಲೆ ಒಂದು ಸಂಜೆ ಕೈಚೀಲ ಹಿಡಿದು ಬಂದರು. ಪ್ರನಾಳ, ರಬ್ಬರ್ ನಳಿಗೆ ಕೇಳಿದರು. ಈ ಸಲ ಬೆಳಕಿಗೆ ಹಿಡಿದು ನೋಡಲಿಲ್ಲ, ಕೊಟ್ಟದ್ದನ್ನು ತೆಗೆದುಕೊಂಡರು. ಚೀಲದಲ್ಲಿ ಒಂದು ಬಾಟಲಿ ಇತ್ತು, ಬಾಯಿಗೆ ಹತ್ತಿ. ಗಾಜು ಹೊತ್ತು ನಾನೂ ಜೊತೆಗೆ ಮೆಟ್ಟಿಲು ಹತ್ತಿದೆ.

ಇಣುಕಿ ಎದ್ದು ನಿಂತಳು. ಮೇಷ್ಟ್ರು ಮೇಜಿನ ಮೇಲೆ ಎಲ್ಲ ಜೋಡಿಸಿ, ಮಕ್ಕಳ ಎದುರೇ ಪ್ರಯೋಗ ಮಾಡಿದರು. ಗುಳ್ಳೆ ಎದ್ದವು. ಗಾಳಿ ನಳಿಗೆಯಿಂದ ನೀರಿಗೆ ಇಳಿಯಿತು. ನೀರು ತಿಳಿಯಾಗಿಯೇ ಇತ್ತು. ಏನಾಯಿತು ಬರೆಯಿರಿ ಎಂದರು. ಮಕ್ಕಳು ತಲೆಯೆತ್ತದೆ ಬರೆದರು: ಹಾಲಿನಂತೆ ಬೆಳ್ಳಗಾಯಿತು.

ಮೇಷ್ಟ್ರು ಅವಳ ಕಡೆ ತಿರುಗಿದರು. "ಆವತ್ತಿನ ನೀರೂ ಹೀಗೇ ಇತ್ತು. ಹಳಸಿದ್ದು. ನೀನು ಬರೆದದ್ದೇ ಸರಿ."

"ಗೊತ್ತು ಮಾವ," ಎಂದಳು ಅವಳು. ಎಷ್ಟೋ ವರ್ಷದ ಮೇಲೆ ಆ ಪದ ಅವಳ ಬಾಯಲ್ಲಿ ಕೇಳಿದೆ. "ಬಾಟಲಿ ಕುತ್ತಿಗೇಲಿ ಕೆನೆ ಗೆರೆ ಇತ್ತು. ಆವತ್ತೇ ನೋಡಿದ್ದೆ."

"ಮತ್ತೆ ಪರೀಕ್ಷಕರಿಗೆ ಯಾಕೆ ಹೇಳಲಿಲ್ಲ?"

"ನೀವು ಹೇಳ್ತೀರ ಅಂತ ಕಾಯ್ತಿದ್ದೆ."

ಮೇಷ್ಟ್ರು ಬಾಟಲಿಯ ಬಾಯಿಗೆ ಹತ್ತಿಯನ್ನು ತುರುಕುತ್ತ ನಿಂತರು. ಅದು ಆಗಲೇ ಗಟ್ಟಿಯಾಗಿ ಕೂತಿತ್ತು. ಅವಳು ಮಕ್ಕಳ ಕಡೆ ತಿರುಗಿ, ಬರೆದದ್ದು ಹಾಗೇ ಇರಲಿ, ಅಂಕ ಬರುವುದು ಅದಕ್ಕೇ, ಮುಂದಿನ ಪ್ರಶ್ನೆಗೆ ಬನ್ನಿ ಎಂದಳು. ಸಿಟ್ಟಿನಲ್ಲೇನೂ ಅಲ್ಲ. ಬಾಗಿಲವರೆಗೆ ಬಂದು, ಮೆಟ್ಟಿಲು ಕಡಿದಾಗಿದೆ, ನೋಡಿಕೊಂಡು ಇಳಿಯಿರಿ ಎಂದು ಅವರಿಗೆ ಹೇಳಿದಳು ಕೂಡ.

ಮರುದಿನ ಪ್ರನಾಳ, ನಳಿಗೆ ಎಲ್ಲವನ್ನೂ ತೊಳೆದು ಒರೆಸಿ ಕೆಳಗೆ ಕಳಿಸಿದ್ದಳು. ಮಾರಿದ ಗಾಜನ್ನು ವಾಪಸು ತೆಗೆದುಕೊಳ್ಳುವುದಿಲ್ಲ ಎಂದು ನನ್ನ ಅಂಗಡಿಯಲ್ಲಿ ಬೋರ್ಡೇ ಇದೆ. ಅಷ್ಟು ವರ್ಷಗಳಲ್ಲಿ ಅದೊಂದು ಸಲ ತೆಗೆದುಕೊಂಡೆ.

ಮೇಷ್ಟ್ರು ಈಗಲೂ ಸಂಜೆ ಬರುತ್ತಾರೆ. ಮೊನ್ನೆ ಒಬ್ಬ ಹುಡುಗಿ ಟಿಪ್ಪಣಿ ಕೊಂಡು, ಅಲ್ಲೇ ನಿಂತು ಬಾಯಿಪಾಠ ಶುರುಮಾಡಿದಳು. ಬೆಳ್ಳಗಾಗುತ್ತದೆ ಎಂಬಲ್ಲಿಗೆ ಬಂದಾಗ ಮೇಷ್ಟ್ರು ಮೆಲ್ಲಗೆ, "ಆಗುತ್ತೆ. ನೀರು ಹೊಸದಾಗಿದ್ರೆ," ಎಂದರು.

ಹುಡುಗಿ ಪೆನ್ನು ತೆಗೆದಳು. "ಅದನ್ನೂ ಬರೀಬೇಕಾ ತಾತ? ಅದಕ್ಕೆಷ್ಟು ಅಂಕ?"

ಮೇಷ್ಟ್ರು ಒಂದು ಕ್ಷಣ ಮೇಲಿನ ಕೋಣೆಯ ಕಡೆ ನೋಡಿದರು.

"ಅದಕ್ಕೆ ಅಂಕ ಇಲ್ಲಮ್ಮ," ಎಂದರು. ಅವಳು ಪೆನ್ನು ಮುಚ್ಚಿಕೊಂಡು ಮೆಟ್ಟಿಲು ಹತ್ತಿದಳು.